ಎದೆಯ ಮೇಲಿನ ನೀಲಿ ಪಟ್ಟಿ

ಬೆಳಕವಾಡಿ
9 ಆಗಸ್ಟ್ 2025

ತಮ್ಮ ಸಿದ್ದೇಶನಿಗೆ ನಿನ್ನ ಅಕ್ಕ ಮಂಚಮ್ಮ ಬರೆಯುವುದು,

ನೀನು ಫೋನ್ ಎತ್ತಿದ್ದರೆ ನನಗೆ ಈ ಕಾಗದ ಬರೆಯುವ ಕರ್ಮ ಇರಲಿಲ್ಲ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳ ಕೈಗೆ ಪೆನ್ನು ಹಿಡಿಸಿದ್ದೀಯ. ಬೈದುಕೊಂಡೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ಅದೂ ನಿನ್ನ ತಲೆಯ ಮೇಲೇ ಇರಲಿ.

ಮೊನ್ನೆ ನನ್ನ ಮೊಮ್ಮಗಳು ವನಜಾ, ಟೂರ್ನಮೆಂಟಿಗೆ ತಂಡದ ಹೆಸರು ಬರೆಸಲು ಹೋದವಳು, ಮದ್ದೂರಿನಿಂದ ಬಂದವಳೇ ಬ್ಯಾಗು ಬಿಸಾಕಿ ಕೂತಳು. ಏನಾಯಿತೇ ಅಂದರೆ, "ಮದ್ದೂರು ತಾತನೇ ಯೋಳ್ತು ಕಣಜ್ಜಿ, ಅಂಗಿ ಮ್ಯಾಲಿನ ಪಟ್ಟಿ ಕಿತ್ತಾಕುದ್ರೆ ಆಟ, ಇಲ್ದಿದ್ರೆ ಬಸ್ ಅತ್ಕಂಡು ಮನೆಗೋಗಿ ಅಂತ" ಅಂದಳು. ನಮ್ಮ ಕೇರಿಯ ಹೆಣ್ಣುಮಕ್ಕಳು ಮೊದಲ ಸಲ ತಾಲ್ಲೂಕು ದಾಟಿ ಕಬಡ್ಡಿ ಆಡಲು ಹೊರಟಿವೆ. ಬಾಗಿಲಲ್ಲಿ ಅಡ್ಡ ನಿಂತವನು ಯಾರು? ಟೂರ್ನಮೆಂಟ್ ಕಮಿಟಿ ಸೆಕ್ರೆಟರಿ. ನನ್ನ ಸ್ವಂತ ತಮ್ಮ.

ಪಟ್ಟಿಯಲ್ಲಿ ಏನಿದೆ ಅಂತ ನೋಡಿದೆಯಾ? ನಾಲ್ಕು ಬೆರಳಗಲದ ನೀಲಿ ಬಟ್ಟೆ, ಅದರ ಮೇಲೆ ಬಿಳಿ ದಾರದಲ್ಲಿ "ಸ್ಮಶಾನಕ್ಕೆ ದಾರಿ ಬಿಡಿ" ಅಂತ. ಅಷ್ಟೇ. ಅದಕ್ಕೆ ನೀನು "ಆಟದಲ್ಲಿ ರಾಜಕೀಯ ಬೇಡ" ಅಂದೆಯಂತೆ.

ಕಾವೇರಿ ಗಲಾಟೆಯ ವರ್ಷ ನೀನೇ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಮಂಡ್ಯದಲ್ಲಿ ಆಡಲಿಲ್ಲವಾ? ಜನ ಶಿಳ್ಳೆ ಹೊಡೆದರು, ಹೆಗಲ ಮೇಲೆ ಹೊತ್ತರು. ಆ ಫೋಟೊ ಇವತ್ತಿಗೂ ನಿನ್ನ ಮನೆಯ ಟೀವಿ ಮೇಲೆ ನೇತಾಡುತ್ತಿದೆ. ಊರಿಗೆಲ್ಲ ಬೇಕಾದ ನೀರು ಕೇಳಿದರೆ ಅಭಿಮಾನ, ನಮ್ಮ ಕೇರಿಯ ಹೆಣಕ್ಕೆ ದಾರಿ ಕೇಳಿದರೆ ರಾಜಕೀಯವಾ?

ಇನ್ನು ಅಂಗಿ ಕೊಡಿಸಿದ ರವಿಚಂದ್ರನ ವಿಷಯ. ಅವನ ಗೊಬ್ಬರದಂಗಡಿಯ ಹೆಸರು ಅಂಗಿಯ ಮೇಲೆ ಅಂಗೈಯಗಲ ಇದೆ. ಅದನ್ನು ಕೀಳಿ ಅಂತ ನಿನ್ನ ಬಾಯಲ್ಲಿ ಬರಲಿಲ್ಲ. ಸ್ಮಶಾನದ ದಾರಿಗೆ ಬೇಲಿ ಹಾಕಿ, ಉತ್ತು, ತನ್ನ ಗದ್ದೆಗೆ ಸೇರಿಸಿಕೊಂಡವನೂ ಅವನೇ.

ಹೋದ ವರ್ಷ ಅವ್ವನನ್ನು ಹೊತ್ತದ್ದು ಮರೆತೆಯಾ? ನಾಟಿ ಮಾಡಿದ ಗದ್ದೆ, ಮೊಣಕಾಲುದ್ದ ಕೆಸರು. ನಿನ್ನ ಕಾಲು ಜಾರಿ ಚಟ್ಟ ವಾಲಿತು, ಅವ್ವನ ಕೈ ಹೊರಗೆ ಬಿತ್ತು. ಅದನ್ನು ಒರೆಸಿ ಒಳಗಿಟ್ಟವನು ನೀನು. "ಇದುನ್ನ ಸುಮ್ಕೆ ಬುಡಬಾರ್ದು ಕಣಕ್ಕ" ಅಂತ ಅತ್ತವನೂ ನೀನು. ಬಿಟ್ಟಿದ್ದೀಯಲ್ಲ!

ಪ್ರತಿ ತಂಡವೂ ಒಂದೊಂದು ಅಂಟಿಸಿಕೊಂಡು ಬಂದರೆ ಆಟ ಏನಾಗಬೇಕು ಅಂತ ಕೇಳುತ್ತೀಯ. ನಿನ್ನ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಹಾಗಾದರೆ ಯಾರದ್ದೂ ಬೇಡ. ಮಕ್ಕಳು ಪಟ್ಟಿ ಕೀಳುವುದಿಲ್ಲ, ಅಂಗಿಯನ್ನೇ ತಿರುವಿ ಹಾಕಿಕೊಂಡು ಬರುತ್ತಾರೆ. ನಂಬರುಗಳನ್ನು ಒಳಮಗ್ಗುಲಿಗೂ ಹೊಲಿದಾಗಿದೆ, ನಿನ್ನ ರೂಲ್ಸಿಗೆ ಏನೂ ಕಮ್ಮಿಯಾಗುವುದಿಲ್ಲ. ಪಟ್ಟಿಯೂ ಒಳಕ್ಕೆ, ರವಿಚಂದ್ರನೂ ಒಳಕ್ಕೆ. ಅವನು ಸಿಟ್ಟಾದರೆ ಏನು ಮಾಡುತ್ತೀರೇ ಅಂದರೆ ವನಜಾ, "ಗೊಬ್ರ ಒಳಕ್ಕೋದ್ರೆ ಬೆಳೆ ಚೆಂದಾಗ್ ಬತ್ತದೆ, ಬುಡಜ್ಜಿ" ಅಂತಾಳೆ.

ಈಗ ನೀನು ತೀರ್ಮಾನ ಮಾಡು. ಎರಡೂ ಕಾಣಬೇಕು, ಇಲ್ಲ ಎರಡೂ ಕಾಣಬಾರದು. ಒಂದನ್ನು ಮಾತ್ರ ಕೀಳಿಸಿದರೆ ಇಪ್ಪತ್ತನಾಲ್ಕನೇ ತಾರೀಖು ಭಾನುವಾರ, ಆಟದ ದಿನ, ನಾನೂ ಬತ್ತೀನಿ, ಕೇರಿಯ ಹೆಂಗಸರೆಲ್ಲ ಬತ್ತಾರೆ. ನಿನ್ನ ಮ್ಯಾಟಿನ ಮೇಲೆ ಕೂರುತ್ತೇವೆ. ಆಮೇಲೆ ಯಾರು ಕಬಡ್ಡಿ ಆಡುತ್ತಾರೋ ನೋಡೋಣ.

ನಿನ್ನ ಹೆಂಡತಿಯ ಮಂಡಿನೋವು ಹೇಗಿದೆ? ಎಣ್ಣೆ ಕಾಸಿಟ್ಟಿದ್ದೇನೆ, ಜಗಳ ಮುಗಿದ ಮೇಲೆ ಕಳಿಸುತ್ತೇನೆ.

ಸಿಟ್ಟು ಇಳಿಯದ ನಿನ್ನ ಅಕ್ಕ,
ಮಂಚಮ್ಮ

ಮರೆತಿದ್ದೆ: ಪಟ್ಟಿಯ ಬಟ್ಟೆ ಯಾವ ಪಾರ್ಟಿಯವರು ಕೊಟ್ಟರು ಅಂತ ನಿಮ್ಮ ಕಮಿಟಿಯವರು ಹುಡುಗಿಯರನ್ನು ಕೇಳಿದರಂತೆ. ಯಾವ ಪಾರ್ಟಿಯದೂ ಅಲ್ಲ ಅಂತ ಹೇಳು. ಅದು ಅವ್ವನ ಸೀರೆ. ನಿನ್ನ ಮಗನ ಮದುವೆಗೆ ನೀನೇ ತಂದು ಉಡಿಸಿದ್ದೆಯಲ್ಲ, ಆ ನೀಲಿಯದು. ಕತ್ತರಿ ಹಾಕಿದವಳು ನಾನು, ಮಕ್ಕಳಲ್ಲ. ಸೆರಗು ಮಾತ್ರ ಉಳಿಸಿದ್ದೇನೆ, ನಿನಗೂ ಒಂದು ಪಟ್ಟಿ ಆಗುತ್ತದೆ. ಬೇಕೋ ಬೇಡವೋ, ಇಪ್ಪತ್ತನೇ ತಾರೀಖಿನೊಳಗೆ ಉತ್ತರ ಬರೆ.