ಸಡಿಲ ಬೋಲ್ಟಿನ ಮೇಲಿನ ಗೆರೆ

ಮಗಳೇ,

ಇವತ್ತು ಕಾರು ಮುಟ್ಟಬೇಡ. ಕೀಲಿ ನನ್ನ ಜೇಬಿನಲ್ಲೇ ಇದೆ, ಹುಡುಕಬೇಡ. ಪುಟ್ಟಿಯನ್ನು ಬಸ್ಸಿನಲ್ಲೇ ಶಾಲೆಗೆ ಬಿಡು.

ಮುಂದಿನ ಚಕ್ರದಲ್ಲಿ ಕಟಕಟ ಸದ್ದು ಅಂತ ನೀನು ನಿನ್ನೆ ಹೇಳಿದಾಗ, "ಭಾನುವಾರ ನಾನೇ ಬಿಗಿ ಮಾಡಿದ ಬ್ರೇಕು ಅದು, ಸದ್ದು ಎಲ್ಲಿಂದ ಬರ್ಬೇಕು?" ಅಂತ ರೇಗಿದೆ. ಬೆಳಿಗ್ಗೆ ಚಕ್ರ ಬಿಚ್ಚಿ ನೋಡಿದೆ. ಬ್ರೇಕಿನ ಒಂದು ಬೋಲ್ಟು ಬಿದ್ದೇ ಹೋಗಿದೆ. ಇನ್ನೊಂದು ಬೆರಳಿಗೇ ತಿರುಗಿತು.

ಬಿಗಿ ಮಾಡಿದ ಮೇಲಷ್ಟೇ ಬೋಲ್ಟಿಗೆ ಸೀಮೆಸುಣ್ಣದ ಗೆರೆ ಎಳೆಯುವವನು ನಾನು. ಆ ಸಡಿಲ ಬೋಲ್ಟಿನ ಮೇಲೂ ನನ್ನ ಗೆರೆ ಇತ್ತು.

ಮೂರು ದಿನ ಪುಟ್ಟಿ ಅದರಲ್ಲೇ ಓಡಾಡಿದಳು.

ಹೊಸ ಬೋಲ್ಟು ತರಲು ಹೋಗಿದ್ದೇನೆ. ಸಂಜೆ ಸ್ಪ್ಯಾನರ್ ನೀನು ಹಿಡಿ, ನಾನು ಪಕ್ಕದಲ್ಲಿ ಕೂತು ಹೇಳುತ್ತೇನೆ. ಸೀಮೆಸುಣ್ಣವನ್ನು ಈ ಚೀಟಿಯ ಮೇಲೆ ಇಟ್ಟಿದ್ದೇನೆ. ಇನ್ನು ಅದು ನಿನ್ನ ಹತ್ತಿರವೇ ಇರಲಿ.

ಅಪ್ಪ