ಎಣಿಸದೆ ಬಿಟ್ಟ ಮಾತುಗಳು

ಮಗಳೇ,

ಒಂದೇ ಸೂರಿನಡಿ ಇದ್ದುಕೊಂಡು ಅಪ್ಪ ಕಾಗದ ಬರೆಯುತ್ತಾನಲ್ಲ ಎಂದು ನಗಬೇಡ. ಬಾಯಿಬಿಟ್ಟು ಹೇಳಹೊರಟರೆ ನಿನ್ನ ಅಮ್ಮ ಅಡ್ಡ ಬರುತ್ತಾಳೆ: "ಅವರ ಮನೆ, ಅವರ ಮಗು. ನೀವು ಸುಮ್ನಿರಿ." ಎರಡು ತಿಂಗಳು ಸುಮ್ಮನಿದ್ದೆ.

ಎರಡು ವರ್ಷವಾದರೂ ನಿನ್ನ ಪುಟ್ಟಿಗೆ ಮಾತು ಕಡಿಮೆಯೆಂದು ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋದೆವು. ಆಕೆ ಇಲ್ಲಿನ, ಅಂದರೆ ಅಳಿಯಂದಿರ ಭಾಷೆಯಲ್ಲಿ ಮಾತ್ರ ಕೇಳಿ, ಹದಿನೆಂಟು ಪದ ಎಂದು ಬರೆದುಕೊಂಡಳು. "ಮನೇಲಿ ಇಲ್ಲಿನ ಭಾಷೆ ಒಂದೇ ಇರ್ಲಿ, ಮಗೂಗೆ ಗೊಂದಲ ಆಗತ್ತೆ" ಅಂದಳು. ನಮ್ಮ ಕನ್ನಡದ ಇಪ್ಪತ್ತಾರು ಪದಗಳನ್ನು ಯಾರು ಎಣಿಸಿದರು? ಬೆಳಿಗ್ಗೆ ಬಚ್ಚಲಲ್ಲಿ ಎರಡು ಬೋಗುಣಿ, ಒಂದು ಸೌಟು ಇಟ್ಟುಕೊಂಡು ಅಜ್ಜಿಯ ಜೊತೆ "ತುಂಬು, ಸುರಿ, ಖಾಲಿ" ಎಂದು ನೀರಾಟ. ಸಂಜೆ ಅದೇ ಆಟ ಅಳಿಯಂದಿರ ಜೊತೆ, ಅವರ ಭಾಷೆಯಲ್ಲಿ. ಸೌಟನ್ನು ಅಜ್ಜಿಗೆ ಕೊಡುವಾಗ ಒಂದು ಹೆಸರು, ತನ್ನ ಅಪ್ಪನಿಗೆ ಕೊಡುವಾಗ ಇನ್ನೊಂದು. ಒಂದು ದಿನವೂ ತಪ್ಪಿದವಳಲ್ಲ. ಗೊಂದಲ ಯಾರದು?

ನಿನಗೆ ಮೂರು ತುಂಬಿದಾಗ ಶಿಶುವಿಹಾರದ ಮುಖ್ಯಸ್ಥೆಯೂ ಇದನ್ನೇ ಹೇಳಿದ್ದರು. ಒಂದು ಗಂಟೆ ವಾದ ಮಾಡಿ ನಿನ್ನನ್ನು ಎತ್ತಿಕೊಂಡು ಬಂದಿದ್ದೆ. ಈ ಸಲ ಥೆರಪಿಸ್ಟ್ ಅದನ್ನೇ ಬರೆದುಕೊಟ್ಟ ಚೀಟಿಯನ್ನು ಫ್ರಿಜ್ಜಿಗೆ ಅಂಟಿಸಿ, ಅಮ್ಮನಿಗೆ ಅದರ ಅರ್ಥ ಬಿಡಿಸಿ ಹೇಳಿದವನು ನಾನೇ. ವಯಸ್ಸು ಮೆತ್ತಗೆ ಮಾಡಿತೋ, ಮಗಳ ಮನೆಯೆಂಬ ಅಳುಕೋ, ತಿಳಿಯದು.

ಅಂದಿನಿಂದ ನಿನ್ನ ಅಮ್ಮ ಆಟ ಬಿಡಲಿಲ್ಲ, ಮಾತು ಬಿಟ್ಟಳು. ಮಗು ಸೌಟು ಚಾಚಿದರೆ ತುಟಿ ಬಿಗಿದುಕೊಂಡು ನೀರು ಸುರಿಯುತ್ತಾಳೆ. ಒಗೆದ ಕಾಲುಚೀಲಗಳ ಜೋಡಿ ಹುಡುಕುವ ಆಟದಲ್ಲಿ ಬರೀ ಬೆರಳು ತೋರಿಸುತ್ತಾಳೆ. ಇಲ್ಲಿನ ಭಾಷೆ ಅವಳಿಗೆ ಬಾರದು, ಬರುವುದನ್ನು ಆಡುವಂತಿಲ್ಲ. ಒಮ್ಮೆ ಬಾಯಿ ತಪ್ಪಿ "ಕಂದಾ, ಜಾರ್ತೀಯ" ಅಂದವಳು ಕದ್ದು ಸಿಕ್ಕಿಬಿದ್ದವಳ ಹಾಗೆ ಬಾಗಿಲ ಕಡೆ ನೋಡಿದಳು.

ನಿನ್ನೆ ಪಕ್ಕದ ಮನೆಯಾಕೆ ಬಂದು ಅಮ್ಮನನ್ನು ಏನೋ ಕೇಳಿದರು. ಉತ್ತರ ಕೊಟ್ಟವಳು ಪುಟ್ಟಿ, ಇಲ್ಲಿನ ಭಾಷೆಯಲ್ಲಿ, ಅವಳ ಮೊದಲ ಪೂರ್ತಿ ವಾಕ್ಯ. ಆಕೆ ಮೆಚ್ಚಿ ಮಗುವಿನ ಕೆನ್ನೆ ತಟ್ಟಿದರು.

"ಏನಂದ್ಲು ರೀ?" ಅಮ್ಮನಿಗೆ ಆಸೆ.

"ಅಜ್ಜಿ ಒಳ್ಳೇವ್ಳು ಅಂದ್ಲು ಕಣೇ."

ದಿನವಿಡೀ ಅದೇ ಹಿಗ್ಗಿನಲ್ಲಿದ್ದಳು. ಮಗು ಹೇಳಿದ್ದು ಬೇರೆ: "ಅಜ್ಜಿಗೆ ಮಾತು ಬರಲ್ಲ."

ನಿನಗೆ ಮಾತು ಕಲಿಸಿದವಳ ಬಗ್ಗೆ ಅಂದದ್ದು ಇದು. ಬಾಯಿಬಿಡು ಎಂದು ನೀನೇ ಅವಳಿಗೆ ಹೇಳಬೇಕು. ಆ ಚೀಟಿ ಅಂಟಿಸಿದ ನಾನು ಹೇಳಿದರೆ ಇನ್ನು ನಂಬಲಾರಳು, ನಂಬುವ ಹಾಗೆ ನಾನು ನಡೆದುಕೊಂಡೂ ಇಲ್ಲ.

ಮಗುವಿಗೆ ಎರಡು ಮಾತೂ ದಕ್ಕಲಿ ಎಂದು ಹರಸುವ,
ನಿನ್ನ ಅಪ್ಪ