ಭೂಮಿಯ ಕುತ್ತಿಗೆ

ಅಪ್ಪನಿಗೆ ನಮಸ್ಕಾರ.

ನಿಮ್ಮ ಭೂಗೋಳ ಪದಕೋಶದ ಕರಡು ತಲುಪಿತು. ‘ಇಸ್ತ್‌ಮಸ್’ ಪದದ ವಿವರಣೆ ತಿದ್ದಿ ಕಳಿಸು ಅಂದಿದ್ದೀರಿ. ಎರಡು ದೊಡ್ಡ ನೆಲಗಳನ್ನು ಕೂಡಿಸುವ ಕಿರಿದಾದ ನೆಲ, ಮೂಲ ಗ್ರೀಕ್, ಕುತ್ತಿಗೆ ಎಂಬ ಅರ್ಥವೂ ಉಂಟು. ಎಲ್ಲ ಸರಿಯಾಗಿದೆ. ಎರಡೂ ಕಡೆಯವರು ಅದನ್ನೇ ತುಳಿದುಕೊಂಡು ಓಡಾಡುತ್ತಾರೆ ಎಂಬುದೊಂದು ಬಿಟ್ಟುಹೋಗಿತ್ತು. ಸೇರಿಸಿದ್ದೇನೆ.

ಒಂದೇ ಮೇಜಿಗೆ ಊಟಕ್ಕೆ ಕೂತು, ‘ಉಪ್ಪು ಕಮ್ಮಿ ಅಂತ ನಿಮ್ಮಮ್ಮಂಗೆ ಹೇಳು’ ಅಂತ ನೀವು. ‘ಡಬ್ಬಿ ಅವರ ಮುಂದೇನೇ ಇದೆ ಅಂತ ನಿಮ್ಮಪ್ಪಂಗೆ ಹೇಳು’ ಅಂತ ಅಮ್ಮ. ನನಗೆ ಮಾತು ಬಂದಿದ್ದೇ ನಿಮ್ಮಿಬ್ಬರ ಮಾತು ಹೊರುವುದಕ್ಕೆ ಅನ್ನುವ ಹಾಗೆ. ಮದುವೆಯಾಗಿ ಬೇರೆ ಊರಿಗೆ ಬಂದರೂ ಬಿಡಲಿಲ್ಲ.

ಈಗ ಕರಡಿನ ಜೊತೆ ಒಂದು ಚೀಟಿ: ‘ಕಣ್ಣಿನ ಆಪರೇಷನ್ನಿಗೆ ನಾನೂ ಜೊತೆಗೆ ಬರಲಾ ಅಂತ ನಿಮ್ಮಮ್ಮನ್ನ ಕೇಳು.’ ಅಮ್ಮ ಇರುವುದು ನಿಮ್ಮ ಪಕ್ಕದ ಕೋಣೆಯಲ್ಲಿ. ನೀವು ಅಂಚೆ ಕಚೇರಿಗೆ ಹೋಗಿ ಸ್ಟಾಂಪು ಅಂಟಿಸಿ ಬಂದಿದ್ದೀರಿ. ಓದಿ ಮೈಯೆಲ್ಲ ಉರಿದುಹೋಯಿತು.

ಚೀಟಿಯನ್ನು ವಾಪಸ್ ಇಟ್ಟಿದ್ದೇನೆ. ನಿನ್ನೆ ಅಮ್ಮನೂ ಫೋನ್ ಮಾಡಿ, ನಿಮ್ಮನ್ನು ಒಂದು ಮಾತು ಕೇಳು ಅಂದಳು. ಏನೆಂದು ನಾನು ಹೇಳುವುದಿಲ್ಲ. ಎದ್ದು ಪಕ್ಕದ ಕೋಣೆಗೆ ಹೋಗಿ.

ಇಂತಿ,
ಇನ್ನು ಮೇಲೆ ಬರೀ ನಿಮ್ಮ ಮಗಳು